ಮೂರನೇ ಸಂಪುಟದ ದೇವರು

ಮಂಡಕ್ಕಿ ಭಟ್ಟಿಯ ಹೊಗೆ ದಿನಾ ನಾಲ್ಕೂವರೆಗೆ
ಬಂದು ಕೂರುತ್ತದೆ ನನ್ನ ಪುಸ್ತಕದ ಮೇಲೆ.
ಬಾಡಿಗೆ ಪುಸ್ತಕ. ವಾರಕ್ಕೆ ಹದಿನೈದು ರೂಪಾಯಿ,
ಏಳೂವರೆ ನನ್ನದು, ಏಳೂವರೆ ಮುಬೀನಾಳದು.
ರಟ್ಟಿನ ಮೇಲೆ ಕರಿರೆಕ್ಕೆಯ ಗಂಡಸು, ಅಂಗಿಯಿಲ್ಲ,
ಹಣೆಯಲ್ಲಿ ಉರಿವ ಚುಕ್ಕಿ.
ಏಳು ಲೋಕದ ದೇವರಂತೆ.

ಗುರುವಾರದ ತನಕ ಅವಳು ಓದುತ್ತಾಳೆ,
ಭಟ್ಟಿಯಲ್ಲಿ ಪೊಟ್ಟಣ ಕಟ್ಟುತ್ತಾ. ಆಮೇಲೆ ನಾನು.
ಎಲ್ಲಿ ನಿಂತಿದ್ದಳೆಂದು ನನಗೆ ಗೊತ್ತಾಗುತ್ತದೆ:
ಇಪ್ಪತ್ತೆಂಟನೇ ಅಧ್ಯಾಯದ ಮುತ್ತಿನ ಹತ್ತಿರ
ಪುಟದ ಸಂದಿಯಲ್ಲಿ ಎರಡು ಕಾಳು ಮಂಡಕ್ಕಿ.

‘ದೇವರು ಅಂತ ಬಂದಲ್ಲೆಲ್ಲಾ ನಾನು
ಅವನು ಅಂತ ಓದ್ಕೊಂತೀನಿ ಕಣೆ,
ನಂಗೂ ಸೈ, ಮೇಲಿರೋನಿಗೂ ಸೈ.’

ನಾನು ಹಾಗೆ ಓದುವುದಿಲ್ಲ.
ದೇವರನ್ನು ಗಂಡ ಅನ್ನುವುದು ನಮ್ಮ ಮನೆಯಲ್ಲಿ ಹಳೇ ಮಾತು,
ಅಜ್ಜಿ ಸೊಪ್ಪು ಸೋಸುತ್ತಾ ಹೇಳುವಂಥದ್ದು.

ಮೊದಲ ಸಂಪುಟದಲ್ಲಿ ಅವನ ಹೆಸರೆತ್ತಿದರೆ ಊರು ಸುಡುತ್ತದೆ.
ಎರಡರಲ್ಲಿ ಶಾಪ, ಮೋಸ, ಬೆನ್ನ ಮೇಲೆ ಹಳೆಯ ಗಾಯ.
ಪೂಜಾರಿಗಳೆಲ್ಲಾ ಖಳರು;
ಹೆಂಡತಿಗೊಂದು ಚಹಾ ಕಾಸಿಕೊಡುವ ಪೂಜಾರಿ
ಆರುನೂರು ಪುಟದಲ್ಲಿ ಒಬ್ಬನೂ ಇಲ್ಲ.
ಮೂರಕ್ಕೆ ಬಂದರೆ, ತಪ್ಪದೆ,
ದೇವರು ದೇವರಾಗಿರುವುದನ್ನು ಬಿಡುತ್ತಾನೆ.
ಅವಳಿಗಾಗಿ. ರೆಕ್ಕೆ ಉದುರುತ್ತವೆ,
ನೀಲಿ ರಕ್ತ ಕೆಂಪಾಗುತ್ತದೆ,
ಕಿವಿಯ ಪಕ್ಕ ಒಂದು ನರೆಗೂದಲು.
ನಾನು ಅತ್ತೆ.

‘ಆ ದೇವ್ರು ಉಣ್ತಾನೇನು?’ ಕೊಟ್ರಮ್ಮಜ್ಜಿಯ ಪ್ರಶ್ನೆ.
‘ಇಲ್ಲಜ್ಜಿ. ಮೊದಲು ಅವಳ ಭಯ ಉಣ್ತಾನೆ, ಆಮೇಲೆ ಪ್ರೀತಿ.’
‘ಅಂಗಾದ್ರೆ ಹಸ್ದೇ ಇರ್ತಾನೆ ಬಿಡು, ಪಾಪ.’

ಅಜ್ಜಿಯ ದೇವರು ಬಿಳಿವಸ್ತ್ರದ ಗಂಟಿನೊಳಗೆ
ಎದೆಯ ಕಾವಿನಲ್ಲಿ ಅರವತ್ತು ವರ್ಷದಿಂದ ಬೆಚ್ಚಗಿದ್ದಾನೆ.
ಬೆಳಿಗ್ಗೆ ಎಡ ಅಂಗೈಗೆ ಇಳಿಸಿ
ಅವಳ ಬೆವರಿನ ಉಪ್ಪನ್ನೇ ಅವನ ಮೈಯಿಂದ ತೊಳೆದು
ನೋಡುತ್ತಾಳೆ. ನೋಡುತ್ತಲೇ ಇರುತ್ತಾಳೆ.
ಅವನೇನೂ ಬಿಟ್ಟುಕೊಟ್ಟಿಲ್ಲ ಅವಳಿಗಾಗಿ.
ಬಿಡಲು ರೆಕ್ಕೆಯಾದರೂ ಎಲ್ಲಿತ್ತು?

ಮುಬೀನಾ ಅಳಲಿಲ್ಲ.
ಮೊಣಕೈ ತನಕ ಅವಳಿಗೆ ಸುಟ್ಟ ಕಲೆಯಿದೆ,
ಭಟ್ಟಿಯ ಕಾದ ಮರಳು ಚೆಲ್ಲಿದ ದಿನದ್ದು.
ಅವತ್ತು ಅವಳು ಕೂಗಿದ ಹೆಸರು
ಬೀದಿಯ ಕೊನೆಯ ನಮ್ಮ ಮನೆಗೂ ಕೇಳಿತ್ತು.
ಕಲೆ ಸವರುತ್ತಾ ಕೇಳಿದಳು:
‘ಅವನೂ ಮನುಷ್ಯ ಆಗ್ಬಿಟ್ಟ.
ಇನ್ನು ಮೈ ಸುಟ್ರೆ
ಅವಳು ಯಾರನ್ನ ಕರೀತಾಳೆ?’

ನಾಲ್ಕನೇ ಸಂಪುಟ ಉಂಟೇ ಎಂದು
ಮಂಡಿಪೇಟೆಯ ಅಂಗಡಿಯಲ್ಲಿ ವಿಚಾರಿಸಿದೆವು.
‘ಮೂರಕ್ಕೇ ಮುಗೀತು’ ಅಂದ ಚನ್ನವೀರಪ್ಪ,
ಹರಿದಿದೆಯೇ ನೋಡಲು ಪುಸ್ತಕ ತಲೆಕೆಳಗೆ ಜಾಡಿಸಿದ.
ಮೇಜಿನ ಮೇಲೆ ಬಿದ್ದ ಎರಡು ಕಾಳನ್ನು
ಬಾಯಿಗೆ ಹಾಕಿಕೊಂಡು,
ಉಪ್ಪು ಕಮ್ಮಿ, ಅಂದ.