ಕಾಲಂ ಏಳು

ತೋಟದ ಹಾಜರಿ ಪುಸ್ತಕದಲ್ಲಿ ಏಳನೆಯ ಕಾಲಂ: ಮಾತೃಭಾಷೆ.
ಯಾವ ಸಾಹುಕಾರ ಯಾಕೆ ಹಾಕಿಸಿದನೋ, ಯಾರೂ ಓದುವುದಿಲ್ಲ.
ಎರವರ ಬೊಳ್ಳಿಯ ಹೆಸರಿನ ಮುಂದೆ
ನನಗಿಂತ ಮೊದಲಿದ್ದ ರೈಟರು ‘ಕನ್ನಡ’ ಎಂದು ಗೀಚಿ
ಕೈ ತೊಳೆದುಕೊಂಡಿದ್ದಾರೆ.
ನನ್ನ ಸಾಲಿನಲ್ಲಿ ನಾನೂ ಹಾಗೇ ಬರೆದುಕೊಂಡೆ.
ಅರೆಭಾಷೆ ಎಂದರೆ
ಇನ್ನರ್ಧ ಎಲ್ಲಿ ಬೀಳಿಸಿಕೊಂಡಿರಿ ಎಂದು
ಲೆಕ್ಕ ನೋಡಲು ಬಂದವರು ಒಮ್ಮೆ ನಕ್ಕಿದ್ದರು.

ಈ ಸಲದ ಕೊಯ್ಲಿಗೆ ಹನ್ನೊಂದು ಜನ,
ಮೂರು ರಾತ್ರಿ ರೈಲು, ಮೈಸೂರಿನಿಂದ ಜೀಪು.
ಆಧಾರ್ ಪ್ರತಿಗಳಲ್ಲಿ ಹನ್ನೊಂದು ಹೆಸರಿಗೂ ಒಂದೇ ಬಾಲ: ಕೋಚ್.
“ಭಾಷೆ ಅಸ್ಸಾಮಿಯಾ?”
ಉಪೇನ್ ತಲೆಯಾಡಿಸಿದ, ಹೌದೋ ಅಲ್ಲವೋ ತಿಳಿಯದ ಹಾಗೆ.
“ಅದು ಪೇಟೆಗೆ,” ಅಂದ, ನನ್ನಷ್ಟೇ ಹರಕು ಹಿಂದಿಯಲ್ಲಿ.
“ಮನೆಗೆ ಕೋಚ್.”

ಬರೆಯಲು ಬಗ್ಗಿದೆ. ಕ್ಷೀರೋದಾ ಪೆನ್ನು ತಡೆದಳು.
ಅವನದು ತಿನ್‌ತೆಕಿಯಾ, ತನ್ನದು ವಾನಾಂಗ್;
ಅವನು ನುಂಗುವ ಕೊನೆಯನ್ನು ಇವಳು ಎಳೆಯುತ್ತಾಳಂತೆ,
ಇವಳು ಅಕ್ಕ ಅಂದರೆ ಅವನಿಗೆ ಬೇರೇನೋ ಕೇಳುತ್ತದಂತೆ.
ಕಾಲಮ್ಮಿನ ಅಗಲ ಅರ್ಧ ಇಂಚು.
ಎರಡೂ ಹಿಡಿಸಲಿಲ್ಲ.
ಖಾಲಿ ಬಿಟ್ಟು ಬೆರಳಚ್ಚು ಒತ್ತಿಸಿಕೊಂಡೆ.

ಭಾನುವಾರ ಸಿದ್ದಾಪುರದ ಸಂತೆ.
ಒಣಮೀನಿನ ಕಾಕನ ಹತ್ತಿರ ಬೆರಳಲ್ಲೇ ಚೌಕಾಸಿ,
ಹಂದಿ ಮಾಂಸದ ಸಾಲಿನಲ್ಲಿ ನನ್ನ ಹಿಂದೆಯೇ ಅವರು.
ಕಣಿಲೆ ಯಾವಾಗ ಬರುತ್ತದೆ ಎಂದು ಕ್ಷೀರೋದಾ ಕೇಳಿದ್ದು
ಕೈಯಲ್ಲಿ: ನೆಲದಿಂದ ಮೊಳೆಯುವ ಒಂದು ಹೆಬ್ಬೆರಳು.
ಮಳೆ ಹಿಡಿದ ಮೇಲೆ ಎಂದೆ.
ಆಗ ನಾವಿರುವುದಿಲ್ಲ ಎಂದು ಹೆಬ್ಬೆರಳು ಮಡಚಿಕೊಂಡಳು.

ಫೆಬ್ರವರಿಯಲ್ಲಿ ಕೆರೆ ಕಡೆಯಿಂದ ಒಂಟಿ ಸಲಗ ಹತ್ತಿತು.
ಅರಣ್ಯದವರ ಎಚ್ಚರಿಕೆ ಕನ್ನಡದಲ್ಲಿ ಬರುತ್ತದೆ;
ಲೈನ್‌ಮನೆಯ ಫೋನುಗಳಲ್ಲಿ ಅದು ಬರೀ ‘ಟಿಂಗ್’.
ಅದಕ್ಕೆ ಇಬ್ಬರನ್ನೂ ಕಾಫಿ ಕಣದಲ್ಲಿ ಕೂರಿಸಿದೆ:
ಆನೆ ಬಂದಿದೆ, ಹೊರಗೆ ಬರಬೇಡಿ.
ಇಷ್ಟೇ. ಐದು ಸೆಕೆಂಡು. ನಿಮ್ಮ ಮಾತಲ್ಲಿ.

ಜಗಳ ಒಂದು ಗಂಟೆ ನಡೆಯಿತು.
‘ಬಂದಿದೆ’ಗೆ ಒಪ್ಪಿದರು, ‘ಹೊರಗೆ’ಗೂ ಒಪ್ಪಿದರು,
ಆನೆಗೆ ಒಪ್ಪಲಿಲ್ಲ.
ಅಷ್ಟು ದೊಡ್ಡ ಪ್ರಾಣಿ
ಇಬ್ಬರ ನಾಲಗೆಯ ನಡುವೆ ನಿಂತುಬಿಟ್ಟಿತು.
ಕಣದ ಹಣ್ಣು ಆಡಿಸುತ್ತಿದ್ದ ಬೊಳ್ಳಿ
ತನ್ನದೊಂದು ಶಬ್ದ ಸೇರಿಸಿ ಹೋದಳು.
ಆ ಎರಡನ್ನು ಇಲ್ಲಿ ಬರೆಯಲಾರೆ.
ನನ್ನ ಲಿಪಿಯಲ್ಲಿ ಕೂರಿಸಿದೆ, ಓದಿ ತೋರಿಸಿದೆ,
ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಧ್ವನಿಯಲ್ಲಿ ಎರಡೂ ಆನೆಗಳಿದ್ದವು,
ಮೊದಲು ಅವಳದು, ಬೆನ್ನಿಗೆ ಅವನದು.
ಲೈನಿನಲ್ಲಿ ಕತ್ತಲಾದ ಮೇಲೆ ಅದು ಕೂಗಿದಾಗ
ಹನ್ನೊಂದು ಬಾಗಿಲೂ ಮುಚ್ಚಿಕೊಂಡವು.
ಎರಡು ಆನೆ ಬಂದಿವೆಯೆಂದು
ಮೇಸ್ತ್ರಿಯ ಹುಡುಗ ಮಾತ್ರ ಬೆಳಗಿನವರೆಗೆ ನಂಬಿದ್ದ.

ಏಪ್ರಿಲ್ಲಿನಲ್ಲಿ ಹೋದರು. ಹೂಮಳೆ ಮುಗಿದಿತ್ತು.
ಗುಂಪಿನಿಂದ ಅವರ ನಂಬರು ತೆಗೆಯಲು
ನನಗೆ ಮನಸ್ಸಾಗಲಿಲ್ಲ, ಅಥವಾ ಮರೆತೆ.

ಜುಲೈ. ಕರೆಂಟಿಲ್ಲದ ಸಂಜೆ. ಗೋದಾಮಿನ ಹಿಂದೆ ಬಿದಿರು ಮುರಿವ ಸದ್ದು.
“ಆನೆ ಬಂದುಟು!” ಎಂದು ಮನೆಯೊಳಗೆ ಕೂಗಿ
ಗಡಿಬಿಡಿಯಲ್ಲಿ ಒತ್ತಿದ್ದು ಹಳೆಯ ಧ್ವನಿಯನ್ನು.
ಹೋಯಿತು. ಅಳಿಸುವಷ್ಟರಲ್ಲಿ ನೀಲಿ ಗೆರೆ.

ಹತ್ತು ನಿಮಿಷಕ್ಕೆ ಗಾರೋ ಬೆಟ್ಟದ ಬುಡದಿಂದ ಉತ್ತರ.
ನಾಯಿ ಬೊಗಳಾಟ, ತಗಡಿನ ಮೇಲೆ ಅವರ ಮಳೆ,
ಕ್ಷೀರೋದಾಳ ದನಿ, ನಾಲ್ಕು ಶಬ್ದ.
ನನಗೆ ಬರುವುದು ಅದರಲ್ಲಿ ಎರಡು:
‘ಬಂದಿದೆ’ ಒಂದು.
ಇನ್ನೊಂದು ಆನೆ. ಅಲ್ಲಿಯೂ, ಈಗಲೇ, ಯಾರದೋ ಬತ್ತದ ಗದ್ದೆಗೆ.

ಮತ್ತೆ ಹಾಕಿ ಕೇಳಿದೆ.
ದನಿ ಅವಳದೇ.
ಆನೆ ಮಾತ್ರ ಉಪೇನನದು.