ತೂಕಕ್ಕೆ ಕೊಂಡದ್ದು

ರಾತ್ರಿ ಎರಡೂ ಹತ್ತಕ್ಕೆ ಖಾಶೂರಿಯ ಫಲಕದಲ್ಲಿ
ಏಳನೇ ಹಳಿ ಕೆಂಪಾಯಿತು.
ಹೋಗಿ ನೋಡಿದರೆ ರೈಲಿಲ್ಲ.
ಇಬ್ಬನಿ, ಒಂದು ನಾಯಿ,
ಯಾರೋ ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆ.

"ಗೊತ್ತಿಲ್ಲದಿದ್ದರೆ ಕೆಂಪು" ಎಂದಳು ನಾಜಿಬ್ರೋಲಾ
ಬೂಟಿನ ಲಾಡಿ ಕಟ್ಟುತ್ತ.
"ಈ ಪೆಟ್ಟಿಗೆಗೆ ಅಷ್ಟು ಮರ್ಯಾದೆ ಕಲಿಸಿದ್ದಾರೆ.
ನಮ್ಮ ಮೇಲಧಿಕಾರಿಗೆ ಕಲಿಸಿಲ್ಲ."

ರಿಲೇ ಕೋಣೆ. ನಾಲ್ಕನೇ ಕಪಾಟು, ಎರಡನೇ ಸಾಲು.
ಕಾರ್ಡನ್ನು ಹಾಲುಹಲ್ಲು ಕೀಳುವ ಹಾಗೆ
ಅಲುಗಿಸಿ, ಅಲುಗಿಸಿ, ಒಮ್ಮೆಲೇ ಎಳೆದಳು.
ಮೂಗಿಗೆ ಹಿಡಿದಳು.
ಮೀಟರಿಗಿಂತ ಮೊದಲು ಮೂಗು, ಅದು ಅವಳ ಪದ್ಧತಿ.
ಸುಟ್ಟ ವಾಸನೆಯಿಲ್ಲ; ಮುಪ್ಪಿನದು,
ಬಹಳ ದಿನ ಮುಚ್ಚಿಟ್ಟ ಟ್ರಂಕಿನದು.

ಬೆಳಗಾಗುವವರೆಗೆ ಗಿಗ್ಲಾ ಹಸಿರು ಲಾಟೀನು ಹಿಡಿದು
ಪೋತಿ ಬಂದರಿನ ಗೋಧಿ ಗಾಡಿಗಳನ್ನು
ಕುರಿ ದಾಟಿಸಿದಂತೆ ಒಂದೊಂದಾಗಿ ದಾಟಿಸಿದ.

ಬಿಡಿಭಾಗದ ಕಪಾಟಿನಲ್ಲಿ
ಬಿಡಿಭಾಗವೊಂದು ಬಿಟ್ಟು ಎಲ್ಲ ಇತ್ತು,
ಅವಳ ಜೊಂಜೋಲಿ ಉಪ್ಪಿನಕಾಯಿಯ ಜಾಡಿಯೂ.
ಇದನ್ನು ಮಾಡಿದ ಕಾರ್ಖಾನೆ ಈಗ ಬೇರೆ ದೇಶದಲ್ಲಿದೆ.
ಕಾರ್ಖಾನೆ ಕದಲಲಿಲ್ಲ,
ದೇಶ ಅದರ ಕೆಳಗಿನಿಂದ ಸರಿದುಹೋಯಿತು.
ಕೈಪಿಡಿಯ ಬೆನ್ನ ಮೇಲಿನ ಫೋನ್ ನಂಬರಿಗೆ ಐದೇ ಅಂಕಿ.
ಮುಂದೆ ಎರಡು ಸೇರಿಸಿ ನಾನೊಮ್ಮೆ ತಿರುಗಿಸಿದ್ದೆ.
ಹಲ್ಲಿನ ಡಾಕ್ಟರ ಮನೆ ಅಂದರು.

ಶನಿವಾರ ಮೊದಲ ಗಾಡಿಗೇ ಟ್ಬಿಲಿಸಿಗೆ ಹೋದೆವು.
ಒಣ ಸೇತುವೆ: ಕೆಳಗೆ ನೀರಿಲ್ಲ, ಮೇಲೆ ಸಂತೆ.
ಯಾರದೋ ಶೌರ್ಯದ ಪದಕ, ಯಾರದೋ ಟೀ ಚಮಚ,
ಮದುವೆಯ ಫೋಟೋ ಕೂಡ ಚೌಕಾಸಿಗೆ.
ತುತ್ತತುದಿಯಲ್ಲಿ ಕಂಬಳಿಯ ಮೇಲೆ ಜುಂಬೇರ್,
ಮುಂದೆ ಕಾರ್ಡಿನ ರಾಶಿ, ಪಕ್ಕದಲ್ಲಿ ತಕ್ಕಡಿ.

ತಕ್ಕಡಿ ಕಂಡದ್ದೇ ಅವಳ ಮುಖ ಬಿಗಿಯಿತು.
ಆ ಪುಟಾಣಿ ಹಸಿರು ಕೆಪಾಸಿಟರುಗಳ ಹೊಟ್ಟೆಯಲ್ಲಿ ಪಲ್ಲೇಡಿಯಂ,
ರಿಲೇಗಳ ತುಟಿಯಲ್ಲಿ ಬೆಳ್ಳಿ.
ಕಿತ್ತು, ಆಮ್ಲದಲ್ಲಿ ಕರಗಿಸುವವರು
ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ.
ಇದ್ದರೂ ಸಾವಿರ, ಸತ್ತರೂ ಸಾವಿರ: ಅದು ಆನೆಯ ಮಾತು.
ಇವು ಸತ್ತರೆ ಮಾತ್ರ ಸಾವಿರ.

ಕುಕ್ಕರಗಾಲಲ್ಲಿ ಕೂತಳು.
ಇಸ್ಪೀಟೆಲೆ ಮಗುಚಿದಂತೆ ಮಗುಚುತ್ತ ಹೋಗಿ
ಒಂದರ ಬಳಿ ನಿಂತಳು.
ಅದೇ ನಮೂನೆ. ಕೆಪಾಸಿಟರುಗಳನ್ನು ಆಗಲೇ ಕಿತ್ತಿದ್ದರು,
ಕಣ್ಣು ಕಿತ್ತ ಗುಳಿಗಳ ಹಾಗೆ ಆರು ತೂತು.
ಟ್ರಾನ್ಸ್‌ಫಾರ್ಮರು ಮಾತ್ರ ಉಳಿದಿತ್ತು, ನಮಗೆ ಬೇಕಾದ್ದು ಅದೇ.
ಹಿಂಬದಿಯಲ್ಲಿ ಉಬ್ಬಿದ ಒಂದು ಬೆಸುಗೆ.
ಅವಳು ಅದರ ಮೇಲೆ ಹೆಬ್ಬೆರಳಾಡಿಸಿದಳು.

"ಎಮ್ಜಾರ್.
ಬೆಸುಗೆ ಹಾಕು ಅಂದರೆ
ಖಿನ್ಕಾಲಿ ಕಡುಬು ಇಡುತ್ತಿದ್ದ,
ಮಡಿಕೆ ಸಮೇತ."

ಯಾವ ಎಮ್ಜಾರ್, ಯಾವ ಠಾಣೆ, ಎಂದು ನಾನು ಕೇಳಲಿಲ್ಲ.
ಮುಚ್ಚಿಹೋದ ಮಾರ್ಗಗಳು ನಮ್ಮಲ್ಲಿ ಬಹಳ.

"ಇದರಲ್ಲಿ ಏನೂ ಉಳಿದಿಲ್ಲವಲ್ಲ ತಾಯೀ" ಎಂದ ಜುಂಬೇರ್,
ಎತ್ತಿ ತಕ್ಕಡಿಗೆ ಎಸೆದ.
ನೂರ ಎಂಬತ್ತು ಗ್ರಾಂ. ಮೂರು ಲರಿ.
ಅವಳು ಐದರ ನೋಟು ಕೊಟ್ಟಳು,
ಚಿಲ್ಲರೆ ಬೇಡವೆಂದಳು.
ಜೀವಮಾನದಲ್ಲಿ ಮೊದಲ ಸಲ.

ಆ ರಾತ್ರಿ ಸತ್ತದ್ದರ ಕೆಪಾಸಿಟರು ಇದಕ್ಕೆ ನೆಟ್ಟಳು.
ಸೀಸದ ಹೊಗೆಗೆ ಮುಖ ಓರೆ ಮಾಡಿ,
ಉಸಿರು ಹಿಡಿದು, ಆರು ಸಲ.
ಉಬ್ಬಿದ ಬೆಸುಗೆಯನ್ನು ಮುಟ್ಟಲಿಲ್ಲ.
ಸಾಲಿಗೆ ತೂರಿಸಿ ಅಂಗೈಯಿಂದ ಒಂದು ಗುದ್ದು.

ಏಳನೇ ಹಳಿಯ ಕೆಂಪು ಆರಿತು.
ಹಸಿರೇನೂ ಬರಲಿಲ್ಲ.
ನಮ್ಮ ಫಲಕದಲ್ಲಿ ಖಾಲಿ ಎಂದರೆ ಕತ್ತಲೆ;
ಹೊಸಬರಿಗೆ ಇದು ಅರ್ಥವಾಗಲು ಒಂದು ವರ್ಷ ಬೇಕು.

ರಿಜಿಸ್ಟರಿನಲ್ಲಿ "ಭಾಗ ಎಲ್ಲಿಂದ ಬಂತು" ಎಂಬ ಕಾಲಮ್ಮಿಗೆ
ಅವಳ ಪೆನ್ನು ತುಸು ನಿಂತಿತು.
ಆಮೇಲೆ "ಇಲಾಖೆ" ಎಂದು ಗೀಚಿದಳು.

ಖಾಲಿ ಕಾರ್ಡನ್ನು ನಾನು ಕಸದ ಬುಟ್ಟಿಗೆ ಒಯ್ಯುತ್ತಿದ್ದೆ.
"ಏ, ಇಲ್ಲಿ ಕೊಡು. ಅದರ ಕಾಲು ಇನ್ನೂ ಗಟ್ಟಿಯಿದೆ."
ಇಸಿದುಕೊಂಡು, ಒರೆಸಿ,
ಜೊಂಜೋಲಿ ಜಾಡಿಯ ಹಿಂದೆ ನಿಲ್ಲಿಸಿದಳು.