ಸೀಟು ಇಳಿಸಬೇಡ

ಮನೆಯೊಡತಿ ಮಾರೀನ್ ಶೆಡ್ಡಿನ ಚಿಲಕ ತೆಗೆದು
ಜೇಡರ ಬಲೆ ಸರಿಸಿ ಹೊರಗೆಳೆದಳು ಸೈಕಲ್ಲು.
"ಬಸ್ಸಿಗೆ ದುಡ್ಡು ಸುರಿಯಬೇಡ. ಇದು ನನ್ನ ಗಂಡನದು.
ಗಾಳಿ ಹೊಡಿ, ಬ್ರೇಕು ಬದಲಿಸು, ಏನಾದರೂ ಮಾಡು,
ಸೀಟು ಮಾತ್ರ ಇಳಿಸಬೇಡ."

ಅವನು ಆರಡಿ ಎರಡಂಗುಲ, ನಾನು ಐದೂಕಾಲು.
ಹೀಗಾಗಿ ಈ ಊರನ್ನು ನಾನು ನೋಡಿದ್ದೆಲ್ಲ
ತುದಿಗಾಲಲ್ಲಿ.

ಬ್ಯಾಡಗಿಯಲ್ಲಿ ಗಂಟೆಗೆ ಎಂಟಾಣೆ ಕೊಟ್ಟು
ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಕಲಿತವನು,
ಈಗ ಲಿಫ್ಟು ರಿಪೇರಿಯವನು,
ಮೂರು ವಾರದ ತರಬೇತಿಗೆ ನ್ಯೂಕ್ಯಾಸಲ್ಲಿಗೆ ಬಂದು
ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸೈಕಲ್ ಕಂಡು
ಮೊದಲ ದಿನ ತುಳಿಯಲಾರದೆ ಪಕ್ಕಕ್ಕೆ ಸರಿದೆ,
ಯಾರದೋ ಅಂಗಳದ ರಂಗೋಲಿ ದಾಟಿದ ಹಾಗೆ.

ಕೈ ಚಾಚಿ ತಿರುವು ತೋರಿಸಲು ಮೂರು ದಿನ ನಾಚಿಕೆ.
ಬೇಡುವವನಂತೆ ಕಂಡೇನೆಂದು.
ನಾಲ್ಕನೆಯ ದಿನ ಚಾಚಿದೆ. ಹಿಂದಿದ್ದ ಎರಡಂತಸ್ತಿನ ಬಸ್ಸು
ಉಸ್ಸೆಂದು ನಿಂತಿತು. ಹಾರ್ನಿಲ್ಲ, ಬೈಗುಳವಿಲ್ಲ.
ನನಗೇ ಕಸಿವಿಸಿ: ಈ ಕೈಗೆ ಇಷ್ಟು ಬೆಲೆ ಕಟ್ಟಿದವರಾರು?
ಮುಂದಿನ ತಿರುವಿನಲ್ಲಿ ಒಬ್ಬ ಕಾರಿನ ಗಾಜಿಳಿಸಿ
ಈ ಕಡೆಯ ಉಚ್ಚಾರದಲ್ಲಿ ಏನೋ ಉಗಿದು ಹೋದ.
ಅರ್ಥವಾಗಲಿಲ್ಲ. ಲೆಕ್ಕ ಮಾತ್ರ ಸರಿಹೋಯಿತು.

ಭಾನುವಾರ. ನೀಲಿ ಹಲಗೆಯ ಮೇಲೆ ಎಪ್ಪತ್ತೆರಡು.
ದಾರಿಯ ನಂಬರದು. ಅದನ್ನೇ ನಂಬಿ ಹೊರಟೆ.
ನಂಬಿದರೆ ನಡೆಸುತ್ತದೆ, ಒಂದಿಷ್ಟು ದೂರ:
ಕೆಂಪು ಬಳಿದ ಪಟ್ಟಿ, ಅಂಚಿಗೆ ಕಲ್ಲು,
ಸಿಗ್ನಲ್ಲಿನಲ್ಲಿ ಕಾರುಗಳಿಗಿಂತ ಮುಂದೆ ನಿಲ್ಲಲು ಒಂದು ಚೌಕ
(ಪಂಕ್ತಿಯಲ್ಲಿ ಮೊದಲ ಎಲೆ ನಮಗೆ!)
ಆಮೇಲೆ ಒಂದು ಕಸದ ಡಬ್ಬಿ, ಒಂದು ನಿಲ್ಲಿಸಿದ ವ್ಯಾನು,
ಮತ್ತೆ ನೆಲದ ಮೇಲೇ ಬರೆದಿದ್ದಾರೆ, ಮುಗಿಯಿತು ಎಂದು.
ಮುಗಿದ ಮೇಲೆ ಎಲ್ಲಿಗೆ ಹೋಗಬೇಕು
ಎಂದು ಬರೆದಿಲ್ಲ.

ನಾಯಿ ಹಿಡಿದವಳೊಬ್ಬಳು ನದಿಯ ಕಡೆ ಗಲ್ಲ ತೋರಿಸಿದಳು.
ಅಲ್ಲಿ ಸಿಕ್ಕಿತು ಎಪ್ಪತ್ತೆರಡು,
ತಪ್ಪಿಸಿಕೊಂಡ ಕರು ತಾನಾಗಿ ಕೊಟ್ಟಿಗೆ ಸೇರಿದಂತೆ.
ಸೇತುವೆಯ ಕಬ್ಬಿಣದ ಸಂದಿಗಳಲ್ಲಿ ಕಡಲಹಕ್ಕಿಗಳ ಸಂತೆ.
ಎದುರುಗಾಳಿ. ಬೆನ್ನು ಬಾಗಿಸಿದರೆ ಹ್ಯಾಂಡಲ್ಲೇ ದೂರ,
ಆರಡಿಯವನ ತೋಳಿನ ಅಳತೆಗೆ ಕೂತದ್ದು.

ಹೌಡನ್ ಹತ್ತಿರ ನದಿ ದಾಟುವುದು ನೀರಿನ ಅಡಿಯಿಂದ.
ಸೈಕಲ್ಲಿಗೆಂದೇ ಸುರಂಗ!
ಹಡಗುಕಟ್ಟೆಯ ಆಳುಗಳಿಗೆ ಪಾಳಿ ತಪ್ಪಬಾರದೆಂದು ಅಗೆದದ್ದು.
ಇಳಿಯಲು ಓರೆಯಾಗಿ ಜಾರುವ ಲಿಫ್ಟು,
ಬದಿಗೆ ನಿಂತುಹೋದ ಹಳೆಯ ಎಸ್ಕಲೇಟರು, ಮರದ ಮೆಟ್ಟಿಲಿನದು.
ಕಸುಬು ಬಿಡುತ್ತದೆಯೇ? ಕಣ್ಣಲ್ಲೇ ಬಿಚ್ಚಿ ನೋಡಿದೆ
ಸರಪಳಿ, ಗಾಲಿ, ಬೇರಿಂಗು,
ಒಂದೊಂದು ಹಲಗೆಯ ಮೇಲೂ ಎಷ್ಟು ಬೂಟುಗಳ ಬೆಳಗು.

ಒಳಗೆ ಹಾಲು ಬಣ್ಣದ ಹೆಂಚು, ಹಸಿರು ಹೆಂಚು,
ಕೊನೆಯಿಲ್ಲದ ಬಚ್ಚಲುಮನೆ.
ಬೆಲ್ಲು ಒತ್ತಿದೆ. ಹಿಂದೆ ಯಾರೋ ಬರುತ್ತಿರುವಂತೆ ಕೇಳಿತು.
ದಾರಿ ಬಿಟ್ಟು ಗೋಡೆಗೆ ಒರಗಿದೆ.
ಯಾರೂ ಬರಲಿಲ್ಲ.
ನೆತ್ತಿಯ ಮೇಲೆ ಇಡೀ ನದಿ,
ಎರಡು ಜಿಲ್ಲೆಗಳ ಗಡಿ ಅಲ್ಲೇ ಗೋಡೆಯ ಮೇಲೆ,
ಮುಂದಿನ ಚಕ್ರ ಅತ್ತ, ಹಿಂದಿನದು ಇತ್ತ.

ಸಂಜೆ ಮಾರೀನ್ ಮೊದಲು ನೋಡಿದ್ದು ನನ್ನನ್ನಲ್ಲ,
ಸೀಟಿನ ಕಂಬಿಯನ್ನು. ತುಕ್ಕಿನ ಗೆರೆ ಇದ್ದಲ್ಲೇ ಇತ್ತು.
"ನಟ್ಟನಡುವೆ ತಣ್ಣಗಿತ್ತಾ?"
"ಇತ್ತು."
"ಅವನೂ ಹಾಗೇ ಹೇಳುತ್ತಿದ್ದ. ನಾನು ಇಳಿದೇ ಇಲ್ಲ."
"ಲಿಫ್ಟು ಗಟ್ಟಿಯಿದೆ, ನಾನು ನೋಡಿದ್ದೇನೆ. ಬುಧವಾರ ಬನ್ನಿ."
"ಚಹಾ ಆರುತ್ತಿದೆ," ಅಂದಳು.

ಮೀನಖಂಡ ಹಿಡಿದುಕೊಂಡು ಶೆಡ್ಡಿಗೆ ಹೋದೆ.
ಚೈನಿಗೆ ಎಣ್ಣೆ ಬಿಟ್ಟೆ, ರಿಮ್ಮಿನ ಕೆಸರು ಒರೆಸಿದೆ.
ಕೊನೆಗೆ ಸ್ಪ್ಯಾನರು ಸೀಟಿನ ಬೋಲ್ಟಿಗೆ ತಾಗಿಸಿ
ಇನ್ನೊಂದು ಸುತ್ತು
ಬಿಗಿ ಮಾಡಿದೆ.